ಐವತ್ತೂವರೆ ಹಲ್ಲು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂದೆ
ಬೆಳಗಿನ ಮೂರಕ್ಕೆ ಎರಡು ವಾಸನೆ ಏಳುತ್ತಿದ್ದವು:
ಬಿಚ್ಚಾಣಿಕೆ ಮನೆಗಳ ಬೆಂದ ಹುಳದ್ದು,
ನಮ್ಮಪ್ಪನ ಒಲೆಯದು.
ಯಾವುದು ಮೊದಲು ಮೂಗಿಗೆ ಬಂತೋ ಅದರಿಂದ
ಗಾಳಿ ಯಾವ ಕಡೆಯದೆಂದು ಅಮ್ಮ ಹೇಳುತ್ತಿದ್ದಳು.

ಅಪ್ಪನ ಬೆಣ್ಣೆ ಬಿಸ್ಕತ್ತು ಗುಂಡಗೆ, ಅಂಗೈಯಲ್ಲಿ ತಟ್ಟಿದ್ದು,
ನಡುವೆ ಹೆಬ್ಬೆರಳಿನ ಗುಳಿ.
ಬೆಣ್ಣೆ ದಿಬ್ಬೂರಹಳ್ಳಿಯ ಪಿಳ್ಳಕ್ಕನದು,
ಮುತ್ತುಗದ ಎಲೆಯೊಳಗೆ ಮಜ್ಜಿಗೆ ಬೆವರುತ್ತಾ ಬರುತ್ತಿತ್ತು.

ಆಗ ಬಂದ, ಲಿಯೋನ್ ಎಂಬ ರೇಷ್ಮೆಯೂರಿನಿಂದ,
ನಮ್ಮ ದಾರ ತೂಗಿ ನೋಡಲು ಒಬ್ಬ ಎತ್ತರದ ಮನುಷ್ಯ.
ಅವನ ಹೆಸರು ನಮ್ಮ ಬಾಯಲ್ಲಿ ನಿಲ್ಲಲಿಲ್ಲ.
ಅಪ್ಪ 'ದಾರದ ದೊರೆ' ಅಂದ, ಅದೇ ಉಳಿಯಿತು.
ಮೂರು ದಿನ ಸುಮ್ಮನೆ ಟೀ ಕುಡಿದು
ನಾಲ್ಕನೆಯ ದಿನ ಒಂದು ಡಬ್ಬಿ ತಂದು ಗಾಜಿನ ಪೆಟ್ಟಿಗೆಯ ಮೇಲಿಟ್ಟ.

ಒಳಗೆ ಚೌಕದ ಬಿಸ್ಕತ್ತು. ನಾಲ್ಕು ಮೂಲೆಗೆ ನಾಲ್ಕು ಕಿವಿ,
ಸುತ್ತ ಗರಗಸದ ಹಲ್ಲು, ಮೈತುಂಬ ಸೂಜಿಯ ತೂತು.
ಜೊತೆಗೆ ಬಂದಿದ್ದ ಸಂಪಂಗಿ ಮೇಷ್ಟ್ರು ಬಿಡಿಸಿ ಹೇಳಿದರು:
ಕಿವಿಗಳು ಅವರ ನಾಲ್ಕು ಕಾಲ,
ಹಲ್ಲು ಐವತ್ತೆರಡು ವಾರ,
ತೂತು ಇಪ್ಪತ್ತನಾಲ್ಕು ಗಂಟೆ.
ಹೌದೋ ಅಲ್ಲವೋ, ಅಲ್ಲಿಯವರು ಹಾಗೆ ಎಣಿಸುತ್ತಾರಂತೆ.
"ಚಳಿಯಿಂದ ತಿನ್ನಬೇಕೋ, ಬಿಸಿಲಿಂದಲೋ?" ಅಂದ ಅಪ್ಪ,
ಒಂದು ಕಿವಿ ಮುರಿದು ಬಾಯಿಗಿಟ್ಟ.
ಬಹಳ ಹೊತ್ತು ಮಾತಾಡಲಿಲ್ಲ.
"ಉಪ್ಪೈತೆ. ಬೆಣ್ಣೆಗೇ ಉಪ್ಪು ಹಾಕವ್ರೆ."

ಅದರ ಕತೆ ನಾನು ಓದಿದ್ದು ತೀರಾ ತಡವಾಗಿ.
ಪಡುವಣ ಕಡಲ ಅಂಚಿನ ಒಂದು ಸೀಮೆ;
ರಾಜರ ಕಾಲಕ್ಕೆ ಉಪ್ಪಿನ ಸುಂಕ ಅದನ್ನು ಮುಟ್ಟಿರಲಿಲ್ಲ.
ಉಳಿದ ಊರುಗಳು ಚಿಟಿಕೆ ಲೆಕ್ಕ ಹಾಕುವಾಗ ಅಲ್ಲಿಯ ಹೆಂಗಸರು
ಬೆಣ್ಣೆಗೆ ಹಿಡಿ ಹಿಡಿ ಸುರಿದು ಗಡಿಗೆಗೆ ಮೆತ್ತಿದರು.
ಕೆಡದ ಆ ಬೆಣ್ಣೆ ಹಿಟ್ಟಿಗೆ ಬಿತ್ತು,
ಬಾಯಲ್ಲಿ ಮರಳಿನ ಹಾಗೆ ಉದುರುವ ಒಂದಕ್ಕೆ
ಮರಳೆಂದೇ ಹೆಸರಾಯಿತು.
ಆಮೇಲೆ ಕಾರ್ಖಾನೆ, ಅಚ್ಚು, ಡಬ್ಬಿ, ರೈಲು.
ನಮ್ಮ ಅಜ್ಜಂದಿರು ಉಪ್ಪಿಗೂ ಸುಂಕ ತೆತ್ತವರು.
ನಾಳೆಗೆ ಕೆಟ್ಟೀತೆಂದು ನಾವು ಬೆಣ್ಣೆಯನ್ನು ಒಲೆಗಿಟ್ಟೆವು,
ತುಪ್ಪದ ಜೊತೆ ಒಂದು ವೀಳ್ಯದೆಲೆ.

ಅಪ್ಪನಿಗೆ ಈ ಯಾವುದೂ ಬೇಕಿರಲಿಲ್ಲ. ಅಚ್ಚು ಬೇಕಿತ್ತು.
ಸೀಮೆಣ್ಣೆ ತಗಡಿನಲ್ಲಿ ಆಲಿಕೆ, ಲಾಟೀನು ಮಾಡುವ
ಡಬ್ಬಿ ಖಲಂದರ್ ಸಾಬಿ, ಉಳಿದ ಒಂದೇ ಬಿಸ್ಕತ್ತನ್ನು
ಅಡವಿಗೆ ಬಂದ ಒಡವೆಯಂತೆ ಬಿಸಿಲಿಗೆ ಹಿಡಿದು ನೋಡಿದ.
ಎಂಟು ದಿನ ತೆಗೆದುಕೊಂಡ.
ಅಚ್ಚು ಬಂತು. ನನಗಾಗ ಹತ್ತು ವರ್ಷ, ಕಂಡದ್ದನ್ನೆಲ್ಲ ಎಣಿಸುವ ವಯಸ್ಸು.
ಐವತ್ತು. ಮೂಲೆಯ ಹತ್ತಿರ ಇನ್ನೊಂದು ಅರ್ಧ.
"ಒಂದೂವರೆ ವಾರ ಎಲ್ಲಿ ಹೋಯ್ತು ಮಾಮ?"

ಕತ್ತರಿಯ ತುದಿ ಲುಂಗಿಗೆ ಒರೆಸಿಕೊಂಡ.
"ಅವರದು ಸೂರ್ಯನ ವರ್ಷ ಮಗಾ, ನನ್ನದು ಚಂದ್ರಂದು.
ಲೆಕ್ಕ ಹಾಕು, ಅಷ್ಟೇ ಬರ್ತದೆ."
ತಗಡು ಸಾಲಲಿಲ್ಲವೆಂದು ಅವನ ಹೆಂಡತಿ
ನಲ್ಲಿಯ ಹತ್ತಿರ ಅಮ್ಮನಿಗೆ ಹೇಳಿದ್ದಳಂತೆ.
ನಾನು ಲೆಕ್ಕ ಹಾಕಿದ್ದೆ. ಬಂದಿತ್ತು.

ಮೊದಲ ಸಲ ಹಲ್ಲೆಲ್ಲ ಕರಗಿ ಒಂದಾದವು.
ಎರಡನೆಯ ಸಲ ಸೀದವು. ಉಪ್ಪು ಹಾಕಿದ್ದು ತಿಳಿದು
"ನನ್ನ ಬೆಣ್ಣೆ ಹಳಸಿತ್ತಾ?" ಎಂದು ಪಿಳ್ಳಕ್ಕ
ಎರಡು ವಾರ ಬರಲೇ ಇಲ್ಲ.
ದಾರದ ದೊರೆ ಅಷ್ಟರಲ್ಲಿ ಹೊರಟುಹೋಗಿದ್ದ.

ನಿಂತದ್ದು ಮಾತ್ರ ಬಿಚ್ಚಾಣಿಕೆಯ ಹೆಂಗಸರಿಂದ.
ಬಿಸಿನೀರಲ್ಲಿ ನೆನೆದು ಬಿಳಿಚಿದ ಬೆರಳುಗಳು
ಗುಂಡಗಿನದನ್ನು ಟೀಗೆ ಜಾರಿಸಿಬಿಡುತ್ತಿದ್ದವು;
ಇದಕ್ಕೆ ಹಿಡಿಯಲು ಕಿವಿಯಿತ್ತು.
ಅರ್ಧ ಹಲ್ಲನ್ನೇ ಮೊದಲು ಕಚ್ಚುತ್ತಿದ್ದಳು ಯಲ್ಲಮ್ಮತ್ತೆ,
"ಇದು ಓನರು ಹಿಡಕೊಂಡ ಕೂಲಿ" ಅಂದು,
ಉಳಿದ ವರ್ಷವನ್ನು ನಿಧಾನಕ್ಕೆ
ಟೀಯಲ್ಲಿ ಅದ್ದುತ್ತಾ.